ಎಂಟ್ರಿಯಿಂದ ಎಣಿಸಿದ ನಾಲ್ಕು ನಿಮಿಷ

ಕಿರವತ್ತಿಯ ಸಭಾಭವನದಲ್ಲಿ ಪ್ರತಿಭಾ ಸ್ಪರ್ಧೆ ಹತ್ತು ಗಂಟೆಗೆ ಎಂದು ಕರೆಯೋಲೆಯಲ್ಲಿ ಅಚ್ಚಾಗಿತ್ತು. ತೀರ್ಪುಗಾರರ ಪೈಕಿ ಮಕ್ಬೂಲ್ ಸಾಹೇಬರು ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಬಂದು ಕುಳಿತಿದ್ದರು. ದೀಪ ಬೆಳಗಿದಾಗ ಹತ್ತು ಮೂವತ್ತೇಳು. ಈ ಮೂವತ್ತೇಳು ನಿಮಿಷಗಳ ವಿಳಂಬಕ್ಕೆ ಸಂಘಟಕರಲ್ಲಿ ಒಬ್ಬನೂ ಸಭೆಯ ಕ್ಷಮೆ ಕೇಳಲಿಲ್ಲ. ಕೇಳಬೇಕು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಮಕ್ಬೂಲ್ ಸಾಹೇಬರು ತಮ್ಮ ಹಾಳೆಯ ಮೇಲ್ತುದಿಯಲ್ಲಿ ‘10-37’ ಎಂದು ಬರೆದು ಅದರ ಕೆಳಗೆ ಗೆರೆ ಎಳೆದರು.

ಅವರು ಹಾಗೆ ಗೆರೆ ಎಳೆದೇ ಬದುಕಿದವರು. 1986ರ ಆಗಸ್ಟಿನಲ್ಲಿ ಬಸ್ ಕಂಡಕ್ಟರಾಗಿ ಕೆಲಸಕ್ಕೆ ಸೇರಿ, ಏಳು ವರ್ಷಗಳ ಬಳಿಕ ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ, 2017ರ ಮೇ 31ರಂದು ನಿವೃತ್ತರಾದರು. ನಿಲ್ದಾಣಕ್ಕೆ ಬಂದ ಪ್ರತಿ ಬಸ್ಸಿನ ಕಂಡಕ್ಟರನೂ ಅವರ ಕಿಟಕಿಯ ಮುಂದೆ ನಿಂತು ಎಂಟ್ರಿ ಹಾಕಿಸಬೇಕಿತ್ತು. ಬಸ್ಸು ಒಳಬಂದ ಹೊತ್ತು ರಿಜಿಸ್ಟರಿನಲ್ಲಿ ಬಿದ್ದ ಮೇಲೆಯೇ ಅದು ಬಂತೆಂದು ಲೆಕ್ಕ. 1994ರ ಮಳೆಗಾಲ ಮುಗಿದ ಮೇಲೊಂದು ಬೆಳಿಗ್ಗೆ, ಆರೂ ಕಾಲಿನ ಹುಬ್ಬಳ್ಳಿ ಬಸ್ಸು ಹೊರಡುವಾಗ ಅವರ ಹೆಂಡತಿ ಶಾಕಿರಾ, ಜ್ವರದಿಂದ ಸುಡುತ್ತಿದ್ದ ನಾಲ್ಕು ವರ್ಷದ ಮಗಳು ನಾಜಿಯಾಳನ್ನು ಹೆಗಲಿಗೆ ಹಾಕಿಕೊಂಡು ಗೇಟಿನ ಬಳಿ ಓಡಿ ಬರುತ್ತಿದ್ದಳು. ಸಾಹೇಬರು ಕಂಡರು. ಗಡಿಯಾರವನ್ನೂ ಕಂಡರು. ಸೀಟಿ ಊದಿಸಿ ಬಸ್ಸು ಬಿಟ್ಟರು. ಶಾಕಿರಾ ಹುಲ್ಲಿನ ಲಾರಿಯಲ್ಲಿ ಹುಬ್ಬಳ್ಳಿ ಮುಟ್ಟಿದಳು. ಮಗು ಉಳಿಯಿತು, ಕಥೆಯೂ ಉಳಿಯಿತು. ಊರಿನವರು ಅವರನ್ನು ಗಡಿಯಾರ ಸಾಹೇಬ್ರು ಎಂದು ಕರೆಯತೊಡಗಿದ್ದು ಅಂದಿನಿಂದ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳ ಯುವಕ ಮಂಡಳಿಗಳು ಸೇರಿ ಈ ಸ್ಪರ್ಧೆ ನಡೆಸುತ್ತಿದ್ದವು. ಪ್ರತಿ ತಾಲೂಕಿನಿಂದ ಒಬ್ಬರು ಮಾತ್ರ ಮುಂದಿನ ರವಿವಾರ ಶಿರಸಿಯಲ್ಲಿ ನಡೆಯುವ ಕೊನೆಯ ಸುತ್ತಿಗೆ ಹೋಗಬೇಕು. ಕಿರವತ್ತಿಯದು ಯಲ್ಲಾಪುರ ತಾಲೂಕಿನ ಸುತ್ತು; ಗೆದ್ದವರ ಹೆಸರು ಆ ದಿನವೇ ಸಂಜೆ ಐದರೊಳಗೆ ಶಿರಸಿಗೆ ತಲುಪಬೇಕು. ಹಿಂದಿನ ವರ್ಷ ಒಬ್ಬ ತೀರ್ಪುಗಾರ ಅರ್ಧಕ್ಕೇ ಎದ್ದು ಮದುವೆಯ ಊಟಕ್ಕೆ ಹೋಗಿದ್ದ, ಇನ್ನೊಬ್ಬರು ಎಲ್ಲರಿಗೂ ತೊಂಬತ್ತು ಅಂಕ ಕೊಟ್ಟಿದ್ದರು. ಆದ್ದರಿಂದ ಮಂಡಳಿಯ ಕಾರ್ಯದರ್ಶಿ ದರ್ಶನ ಎಂಬ ಯುವಕ ಈ ಸಲ ಮಕ್ಬೂಲ್ ಸಾಹೇಬರ ಮನೆಗೆ ಬಂದು ಕೈಮುಗಿದಿದ್ದ. ಸಾಹೇಬರು ನಿಯಮಗಳನ್ನು ತಮ್ಮ ಕೈಯಾರೆ ಬರೆದರು. ಪ್ರತಿಯೊಬ್ಬರಿಗೂ ನಾಲ್ಕು ನಿಮಿಷ. ಮೀರಿದ ಪ್ರತಿ ಹತ್ತು ಸೆಕೆಂಡಿಗೆ, ಅಥವಾ ಅದರ ಭಾಗಕ್ಕೆ, ಒಂದು ಅಂಕ ಕಡಿತ. ಸಮಯ ಹಿಡಿಯುವ ಹೊಣೆಯನ್ನೂ ತಾವೇ ಹೊತ್ತರು. ನಾಜಿಯಾಳ ಮಗಳು ಸನಾ, ಹದಿನಾಲ್ಕರ ಹುಡುಗಿ, ಸ್ಪರ್ಧೆಗೆ ಹೆಸರು ಕೊಟ್ಟಿದ್ದಾಳೆಂದು ತಿಳಿದಾಗ, ‘ಈ ಸ್ಪರ್ಧಿಗೆ ನಾನು ಅಂಕ ನೀಡುವುದಿಲ್ಲ, ಉಳಿದಿಬ್ಬರ ಸರಾಸರಿಯನ್ನೇ ಪರಿಗಣಿಸತಕ್ಕದ್ದು’ ಎಂದು ಬರೆದು ಸಹಿ ಹಾಕಿಕೊಟ್ಟರು.

ಇಷ್ಟೆಲ್ಲ ಮಾಡಿದರೂ ಬೆಳಿಗ್ಗೆಯಿಂದ ಅವರಿಗೆ ನೆಮ್ಮದಿಯಿರಲಿಲ್ಲ. ಅದಕ್ಕೆ ಕಾರಣ ಅಂದಾನಪ್ಪ. ಬನವಾಸಿ ಕಡೆಯಿಂದ ಬಂದು ಕಿರವತ್ತಿಯ ಹೆದ್ದಾರಿಯಲ್ಲಿ ಖಾನಾವಳಿ ಇಟ್ಟವರು. ಅವರ ಮೊಮ್ಮಗ ಪವನ್ ಕೊಳಲು ನುಡಿಸುವವನಿದ್ದ. ಬಾಗಿಲಲ್ಲೇ ಸಿಕ್ಕ ಅಂದಾನಪ್ಪ ನಕ್ಕು, “ಸಾಹೇಬ್ರ, ಇವತ್ತ ನಿಮ್ಮ ಮನಿ ಗಾಡಿನೂ ಐತಂತಲ್ಲ. ಒಂದನೇ ಪ್ಲಾಟ್‌ಫಾರ್ಮ್ ಅದಕ್ಕ ಕೊಡಬ್ಯಾಡ್ರಿ ಮತ್ತ” ಎಂದಿದ್ದರು.

“ಅವಳಿಗೆ ನಾನು ಅಂಕ ಹಾಕೋದಿಲ್ಲ, ಅಂದಾನಪ್ಪನವರೆ. ಬರೆದುಕೊಟ್ಟಿದೇನೆ. ಬೇಕಾದ್ರೆ ತೋರಿಸ್ತೇನೆ.”

“ತೋರಸೋದ ಬ್ಯಾಡ್ರಿ. ನಾ ಸುಮ್ನ ಅಂದೆ.”

ಸುಮ್ಮನೆ ಅಂದ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲಿ ನಿಂತಿತು. ಹುಬ್ಬಳ್ಳಿಯಿಂದ ತರಿಸಿದ್ದ ಸ್ಟಾಪ್‌ವಾಚನ್ನು ಸಾಹೇಬರು ಎರಡು ಸಲ ಒರೆಸಿದರು. ಪಕ್ಕದಲ್ಲಿ ಶಿರಸಿಯ ನಿವೃತ್ತ ಸಂಗೀತ ಶಿಕ್ಷಕಿ ರೋಹಿಣಿ ಟೀಚರ್. ಅವರಾಚೆ ಬಿಳಗಿಯಿಂದ ಬಂದ ಡ್ರಾಯಿಂಗ್ ಮಾಸ್ತರರು. ಮಾಸ್ತರರು ಮೊಬೈಲಿನಿಂದ ತಲೆ ಎತ್ತಿದ್ದನ್ನು ಎಣಿಸಿದರೆ ಒಬ್ಬ ಸ್ಪರ್ಧಿಗೆ ಎರಡು ಸಲದಂತೆ ಬರುತ್ತಿತ್ತು. ಕೇಳಿದರೆ ಕಿವಿ ತೆರೆದೇ ಇದೆ ಎನ್ನುತ್ತಿದ್ದರು. ಕುಣಿತಕ್ಕೂ ಅವರು ಕಿವಿಯಿಂದಲೇ ಅಂಕ ಹಾಕಿದರು.

ಹದಿನಾಲ್ಕು ಸ್ಪರ್ಧಿಗಳು. ಹೆಸರು ಕೂಗಿದ ಕೂಡಲೇ, ಸ್ಪರ್ಧಿಯ ಕಾಲು ವೇದಿಕೆಯ ಮೆಟ್ಟಿಲು ಮುಟ್ಟಿದ ಕೂಡಲೇ, ಸಾಹೇಬರ ಹೆಬ್ಬೆರಳು ಸ್ಟಾಪ್‌ವಾಚಿನ ಗುಂಡಿ ಒತ್ತುತ್ತಿತ್ತು. ಮೂರು ನಿಮಿಷಕ್ಕೆ ಒಂದು ಸಲ ಗಂಟೆ ಬಾರಿಸುತ್ತಿದ್ದರು, ನಾಲ್ಕಕ್ಕೆ ಎರಡು ಸಲ. ಆರನೆಯವನಾಗಿ ಬಂದ ಪವನ್ ಮೆಟ್ಟಿಲು ಹತ್ತುತ್ತಲೇ ಕೊಳಲನ್ನು ತುಟಿಗಿಟ್ಟ. ಮೂರು ನಿಮಿಷ ನಲವತ್ತಾರು ಸೆಕೆಂಡಿಗೆ ಇಳಿಸಿದ. ಒಳ್ಳೆಯ ಉಸಿರು, ಒಂದೇ ಕಡೆ ತಡವರಿಸಿದ. ಸಾಹೇಬರು ಅವನಿಗೆ ಧಾರಾಳವಾಗಿಯೇ ಅಂಕವಿಟ್ಟರು. ಅಂದಾನಪ್ಪನ ಮಾತಿಗೆ ಹೆದರಿ ಹೆಚ್ಚು ಕೊಟ್ಟೆನೇ ಎಂಬ ಇನ್ನೊಂದು ಅನುಮಾನ ಆಮೇಲೆ ಶುರುವಾಯಿತು.

ಹನ್ನೊಂದನೆಯವಳು ಸನಾ. ಅವಳು ಎರಡೂ ಕಡೆ ಬಾಯಿ ತೆರೆದ ಖಾಲಿ ಎಣ್ಣೆ ಡಬ್ಬಿ, ಒಂದು ಸ್ಟೂಲು ಹಿಡಿದು ಬಂದಳು. ಸ್ಟೂಲು ಇಟ್ಟು, ಡಬ್ಬಿಯ ಒಂದು ಬಾಯಿ ಮೈಕಿನ ಕಡೆ ತಿರುಗಿಸಿ, ಮೈಕು ತಗ್ಗಿಸಲು, ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ವಿಡಿಯೊ ಮಾಡುತ್ತಿದ್ದ ಮೈಕ್‌ಸೆಟ್ಟಿನ ಮಂಜನನ್ನು ಕರೆದು, ಎಲ್ಲ ಸರಿಹೋದ ಮೇಲೆ ಇನ್ನೊಂದಕ್ಕೆ ತನ್ನ ಬಾಯಿಟ್ಟಳು. ಅವಳ ಅನುಕರಣೆಯಲ್ಲಿ ಇಡೀ ಯಲ್ಲಾಪುರ ಬಸ್ ನಿಲ್ದಾಣ ಭವನದೊಳಗೆ ಬಂದಿತು. ಶೇಂಗಾ ಮಾರುವವನು, ಚಿಲ್ಲರೆಗೆ ಜಗಳಾಡುವ ಕಂಡಕ್ಟರು, ಸ್ಟಾರ್ಟ್ ಆಗದ ಬಸ್ಸು, ಎಲ್ಲದರ ಮೇಲೆ ಧ್ವನಿವರ್ಧಕದಲ್ಲಿ ಒಬ್ಬ ಕಂಟ್ರೋಲರ್: “ಪ್ರಯಾಣಿಕರ ಗಮನಕ್ಕೆ.” ಆ ಧ್ವನಿ ಯಾರದೆಂದು ಜನಕ್ಕೆ ತಕ್ಷಣ ತಿಳಿಯಿತು, ನಗೆ ಎದ್ದಿತು. ಕೊನೆಗೆ ಒಬ್ಬ ಹೆಂಗಸು ಏದುಸಿರು ಬಿಡುತ್ತ “ನಿಲ್ಸ್ರಿ, ನಿಲ್ಸ್ರಿ” ಎಂದು ಓಡಿ ಬರುವುದು, ಬಸ್ಸು ಹೊರಟು ಹೋಗುವುದು. ನಡುವೆ ಮೊದಲ ಗಂಟೆ ಬಾರಿಸಿದಾಗ ಸನಾ ಬೆಚ್ಚಿ ಅಜ್ಜನತ್ತ ನೋಡಿದಳು, ಕಂಡಕ್ಟರನ ಮಾತು ಮರೆತು ಮತ್ತೆ ಹಿಡಿದಳು. ಮುಗಿದಾಗ ಸ್ಟಾಪ್‌ವಾಚಿನಲ್ಲಿ ನಾಲ್ಕು ನಿಮಿಷ ನಲವತ್ತೊಂದು ಸೆಕೆಂಡ್. ಐದು ಅಂಕ ಕಡಿತ.

ಸರಾಸರಿಯಲ್ಲಿ ಸನಾಗೆ ಎಂಬತ್ತನಾಲ್ಕು ಬಂದಿತ್ತು. ಕಡಿತದ ಬಳಿಕ ಎಪ್ಪತ್ತೊಂಬತ್ತು. ಪವನ್‌ಗೆ ಎಂಬತ್ತೊಂದು. ದರ್ಶನ ಅದನ್ನು ಮೈಕಿನಲ್ಲಿ ಓದಿದಾಗ ಚಪ್ಪಾಳೆ ಬಿತ್ತು. ಚಪ್ಪಾಳೆಯಲ್ಲಿ ಅರ್ಧ ಪವನ್‌ಗೆ, ಅರ್ಧ ಸಾಹೇಬರಿಗೆ.

“ಎಂತ ನಿಷ್ಠೆ ಮಾರಾಯ್ರೆ ನಿಮ್ಮದು,” ಎಂದರು ರೋಹಿಣಿ ಟೀಚರ್. “ಸ್ವಂತ ಮೊಮ್ಮಗಳಿಗೆ ಒಂದು ಸೆಕೆಂಡ್ ಬಿಡ್ಲಿಲ್ಲೆ.”

ಅಂದಾನಪ್ಪ ಬಂದು ಎರಡೂ ಕೈ ಹಿಡಿದರು. “ಮುಂಜಾನಿ ನಾ ಅಂದಿದ್ದ ತಪ್ಪಾತ್ರಿ ಸಾಹೇಬ್ರ. ಮನಸ್ಸಿನ್ಯಾಗ ಇಟ್ಗೋಬ್ಯಾಡ್ರಿ.”

ಗಂಟಲಿನ ಮುಳ್ಳು ಇಳಿಯಿತು. ಎರಡು ಗಂಟೆ ಐದರ ಬಸ್ಸಿನಲ್ಲಿ ಮಗಳು, ಮೊಮ್ಮಗಳ ಜೊತೆ ಅವರು ಯಲ್ಲಾಪುರಕ್ಕೆ ಹೊರಟರು. ಸನಾ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು, ಮಡಿಲಲ್ಲಿ ಎಣ್ಣೆ ಡಬ್ಬಿ. ಅರ್ಧ ದಾರಿಯ ಮೇಲೆ ಒಂದೇ ಮಾತಾಡಿದಳು.

“ಗಂಟೆ ಬೇಗ ಆಯ್ತು ನಾನಾ. ಮನೇಲಿ ಹತ್ತು ಸಲ ಮಾಡಿದೀನಿ. ಮೂರು ಐವತ್ತಕ್ಕೆ ಮುಗೀತಿತ್ತು.”

“ವೇದಿಕೆ ಮೇಲೆ ಎಲ್ಲರಿಗೂ ಹಾಗೇ ಅನಿಸೋದು ಬೇಟಿ. ಗಡಿಯಾರಕ್ಕೆ ಯಾರ ಮೇಲೂ ಸಿಟ್ಟಿಲ್ಲ.”

“ಗಡಿಯಾರಕ್ಕೆ ಇಲ್ಲ ಬಿಡಿ,” ಎಂದಳು ನಾಜಿಯಾ, ಮುಂದಿನ ಸೀಟಿನ ಕಂಬಿ ನೋಡುತ್ತ. “ಅವತ್ತು ನನ್ನ ಬಿಟ್ಟು ಬಸ್ ಬಿಟ್ರಿ. ಇವತ್ತು ಇವಳನ್ನ.”

ಸಾಹೇಬರು ಕೈಗಡಿಯಾರ ನೋಡಿಕೊಂಡರು. ಉತ್ತರ ಅವರಲ್ಲಿತ್ತು: ಎರಡೂ ಸಲ ಗಡಿಯಾರ ಸರಿಯಾಗಿತ್ತು.

ಬಸ್ಸು ಎರಡು ಮೂವತ್ತೆಂಟಕ್ಕೆ ಯಲ್ಲಾಪುರ ನಿಲ್ದಾಣದೊಳಗೆ ತಿರುಗಿತು. ಶಿರಸಿಗೆ ಮುಂದುವರಿಯುವ ಬಸ್ಸು. ಕಂಡಕ್ಟರು ಜಿಗಿದಿಳಿದು ಕಂಟ್ರೋಲರ ಕಿಟಕಿಗೆ ಹೋಗಿ ಎಂಟ್ರಿ ಹಾಕಿಸಿ ಬಂದ. ಮೊದಲ ಸೀಟಿನಲ್ಲಿದ್ದ ಹೆಂಗಸೊಬ್ಬಳು, “ಎಂಟ್ರಿ ಆಯ್ತಲ ತಮ್ಮಾ, ಇನ್ನು ಬಿಡು ಬಸ್ಸು” ಎಂದಳು.

“ಎಂಟ್ರಿ ಬಂದದ್ದಕ್ಕೆ ಅಕ್ಕಾ. ಹೊರಡೋದು ಎರಡು ಐವತ್ತಕ್ಕೆ. ಅದು ಬೇರೆ, ಇದು ಬೇರೆ.”

ಮಕ್ಬೂಲ್ ಸಾಹೇಬರು ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ಹಾಗೇ ನಿಂತರು. ಹಿಂದಿದ್ದವರು “ಇಳೀರಿ ಅಜ್ಜಾರೆ” ಎಂದ ಮೇಲೆ ಪಕ್ಕಕ್ಕೆ ಸರಿದು ಚೀಲದಿಂದ ಹಾಳೆ ತೆಗೆದರು. ಹದಿನಾಲ್ಕು ಹೆಸರು. ಹೆಸರಿನ ಮುಂದೆ ಎರಡು ಕಾಲಂ. ಮೊದಲ ಕಾಲಮಿನ ತಲೆಯ ಮೇಲೆ, ಅವರದೇ ದುಂಡನೆಯ ಅಕ್ಷರದಲ್ಲಿ, ‘ಎಂಟ್ರಿ’ ಎಂದಿತ್ತು.

ಇನ್ನೊಂದು ಹಾಳೆ ಬಿಚ್ಚಿದರು, ನಿಯಮಗಳದ್ದು. ನಾಲ್ಕನೆಯ ನಿಯಮ: ‘ಪ್ರದರ್ಶನದ ಮೊದಲ ಶಬ್ದ ಅಥವಾ ಚಲನೆಯಿಂದ ಸಮಯವನ್ನು ಎಣಿಸತಕ್ಕದ್ದು.’ ಅದೂ ಅವರದೇ ಅಕ್ಷರ.

ಬೆರಳು ಇಪ್ಪತ್ತನಾಲ್ಕು ವರ್ಷ ಕಲಿತದ್ದನ್ನೇ ಮಾಡಿತ್ತು. ಗಾಡಿ ಒಳಗೆ ಬಂತು, ಹೊತ್ತು ಬರೆ. ವೇದಿಕೆಯ ಮೆಟ್ಟಿಲು ಅವರ ಬೆರಳಿಗೆ ನಿಲ್ದಾಣದ ಗೇಟಾಗಿತ್ತು. ಬರಿಗೈಯಲ್ಲಿ ಬಂದು ಹಾಡಿದವರಿಗೆ ಅದರಿಂದ ನಾಲ್ಕಾರು ಸೆಕೆಂಡಿನ ಹಾನಿ. ಸ್ಟೂಲು, ಡಬ್ಬಿ, ಮೈಕು ಎಂದು ಅಣಿಯಾದವಳಿಗೆ ಎಷ್ಟು? ಇಪ್ಪತ್ತು ಸೆಕೆಂಡೇ? ನಲವತ್ತೇ? ಅದು ಅವರ ಹಾಳೆಯಲ್ಲಿರಲಿಲ್ಲ. ಬಾರಿಸಿದ ಗಂಟೆಯೂ ಬೇಗ ಬಾರಿಸಿದ್ದು. ಹುಡುಗಿ ಬೆಚ್ಚಿದ್ದು ಸುಮ್ಮನೆ ಅಲ್ಲ.

ಪರರಿಗೆ ಅನ್ಯಾಯವಾಗಿದ್ದರೆ ಅದನ್ನು ತಿದ್ದಲು ಹೋಗುವವನಿಗೆ ಗೌರವ ಸಿಗುತ್ತದೆ. ಸ್ವಂತ ಮನೆಯವಳಿಗೆ ಆದದ್ದನ್ನು ತಿದ್ದಲು ಹೋಗುವವನಿಗೆ ಏನು ಸಿಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸುಮ್ಮನಿದ್ದರೆ ನಿಷ್ಠಾವಂತರು. ಬಾಯಿಬಿಟ್ಟರೆ ಒಂದನೇ ಪ್ಲಾಟ್‌ಫಾರ್ಮು. ಇಷ್ಟು ದಿನ ಬೇರೆಯವರ ತಪ್ಪುಗಳ ಮೇಲೆ ಕಾರಿದ್ದ ಸಿಟ್ಟೆಲ್ಲ ಒಮ್ಮೆಲೇ ಮನೆಗೆ ಹಿಂದಿರುಗಿದಂತೆ ಅವರ ಕಿವಿ ಬಿಸಿಯಾಯಿತು. ಹತ್ತು ಮೂವತ್ತೇಳು ಎಂದು ಗೆರೆ ಎಳೆದಿದ್ದು ಇದೇ ಹಾಳೆಯ ಮೇಲೆ.

ದರ್ಶನನಿಗೆ ಫೋನು ಮಾಡಿದರು. “ಶಿರಸಿಗೆ ಹೆಸರು ಕಳಿಸಿದ್ಯಾ?”

“ಇಲ್ಲ ಸಾಹೇಬ್ರೆ, ಊಟ ಮಾಡ್ತಾ ಇದ್ದೆ. ಐದರವರೆಗೆ ಟೈಮ್ ಉಂಟಲ.”

“ಕಳಿಸಬೇಡ. ನಾನು ಟೈಮ್ ಹಿಡಿದದ್ದು ತಪ್ಪಾಗಿದೆ.”

“ಯಾರದ್ದು?”

“ಹದಿನಾಲ್ಕೂ ಜನರದ್ದು. ಫಲಿತಾಂಶ ಬದಲಾಗಬಹುದಾದ್ದು ಒಬ್ಬರದ್ದು.” ಅವರು ಹಾಳೆಯ ಹನ್ನೊಂದನೆಯ ಸಾಲಿಗೆ ಬೆರಳಿಟ್ಟರು. “ಸನಾದು.”

ಆಚೆ ಕಡೆ ನೀರು ಕುಡಿದ ಸದ್ದು ಕೇಳಿತು. “ಸಿಟ್ಟು ಮಾಡ್ಬೇಡಿ ಸಾಹೇಬ್ರೆ. ಪವನ್ ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕಾಯ್ತು. ಹೂವಿನ ಚಿತ್ರ, ಚಪ್ಪಾಳೆಯ ಕೈ ಎಲ್ಲ ಬಂದಾಯ್ತು. ಈಗ ನಿಮ್ಮ ಮೊಮ್ಮಗಳು ಅಂದ್ರೆ ಜನ ಎಂತ ಹೇಳ್ತಾರೆ, ನೀವೇ ಹೇಳಿ. ಯಾರೂ ಕೇಳ್ಲಿಲ್ಲ. ಬಿಟ್ಟುಬಿಡಿ.”

“ಯಾರೂ ಕೇಳದಿದ್ರೆ ತಪ್ಪು ಸರಿಯಾಗ್ತದಾ? ನಾನು ಬರ್ತಾ ಇದೇನೆ. ಮಂಜ ವಿಡಿಯೊ ಮಾಡಿದ್ನಲ್ಲ, ಅದನ್ನ ಅಳಿಸದಿರೋಕೆ ಹೇಳು. ಅಂದಾನಪ್ಪನವರನ್ನೂ ಕರಿ.”

ನಾಜಿಯಾ ಎಲ್ಲ ಕೇಳಿಸಿಕೊಂಡಿದ್ದಳು; ಸನಾ ದೂರದ ಬೆಂಚಿನಲ್ಲಿ ಡಬ್ಬಿ ಹಿಡಿದು ಕುಳಿತಿದ್ದಳು. ಅವಳು ಅಪ್ಪನ ತೋಳು ಹಿಡಿದಳು. “ಬೇಡ ಅಬ್ಬಾ. ಮೊಮ್ಮಗಳಿಗಾಗಿ ಓಡಿ ಬಂದ ಅಂತಾರೆ. ಇವಳನ್ನೂ ಅಂತಾರೆ. ಮುಂದಿನ ವರ್ಷ ನೋಡಿದ್ರಾಯ್ತು.”

“ನೀನು ಅಂದದ್ದು ಸರಿ,” ಎಂದರು ಸಾಹೇಬರು. “ಅಂತಾರೆ.” ಸನಾಳಿಗೆ ಏನೂ ತಿಳಿಸಲಿಲ್ಲ; ಆಸೆ ಹುಟ್ಟಿಸಿ, ಅಳತೆ ಬೇರೆಯಾಗಿ ಬಂದರೆ ಆ ಮಗುವಿಗೆ ಒಂದೇ ದಿನ ಎರಡು ಸೋಲು. ಮೂರು ಗಂಟೆಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅವರ ಮನಸ್ಸು ಎಣಿಸುತ್ತಿತ್ತು. ಇಪ್ಪತ್ತೊಂದು ಸೆಕೆಂಡ್ ಸಿಕ್ಕರೆ ಸನಾ ಮುಂದೆ. ಹದಿನೈದೇ ಸಿಕ್ಕರೆ ಇಬ್ಬರೂ ಸಮ. ಹತ್ತೇ ಆಗಿದ್ದರೆ ಪವನ್ ಪವನ್‌ನೇ. ಆಗ ಹೆಸರು ಕೆಡಿಸಿಕೊಂಡದ್ದು ಮಾತ್ರ ಉಳಿಯುತ್ತದೆ. ಎಷ್ಟಾಗಲಿ ಎಂದು ತಾವು ಬಯಸುತ್ತಿದ್ದೇವೆ ಎಂಬುದೇ ಅವರಿಗೆ ತಿಳಿಯಲಿಲ್ಲ.

ಕಿರವತ್ತಿಯ ಸಭಾಭವನದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಮಂಜ ವಯರು ಸುತ್ತುತ್ತಿದ್ದ. ಅಂದಾನಪ್ಪ ಕೈ ಕಟ್ಟಿ ನಿಂತಿದ್ದರು, ಪವನ್ ಅವರ ಹಿಂದೆ. ಸಾಹೇಬರು ಎರಡೂ ಹಾಳೆಗಳನ್ನು ಮೇಜಿನ ಮೇಲೆ ಬಿಡಿಸಿ, ಒಂದು ಶಬ್ದ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ತಮ್ಮ ತಪ್ಪನ್ನು ಹೇಳಿದರು.

ಅಂದಾನಪ್ಪ ಎರಡೂ ಹಾಳೆಗಳನ್ನು ತಿರುವಿ ನೋಡಿದರು. “ಮಧ್ಯಾಹ್ನದಾಗ ನಿಮ್ಮ ಕೈ ಹಿಡದ ಕ್ಷಮಾ ಕೇಳೀನಿ,” ಎಂದರು ಕೊನೆಗೆ. “ಅದನ್ನ ವಾಪಸ್ ತಗೋಲ್ಯಾ?”

“ತಗೊಳ್ಳಿ. ಆದರೆ ಮೊದಲು ಇದನ್ನ ಹಿಡೀರಿ.” ಸಾಹೇಬರು ಸ್ಟಾಪ್‌ವಾಚನ್ನು ಅವರ ಅಂಗೈಯಲ್ಲಿಟ್ಟರು. “ನಾನು ಮುಟ್ಟೋದಿಲ್ಲ. ವಿಡಿಯೊ ನೀವೇ ನೋಡಿ, ನೀವೇ ಒತ್ತಿ. ನಾಲ್ಕನೇ ನಿಯಮ ಒಂದು ಸಲ ಓದಿಕೊಳ್ಳಿ.”

“ನಂಗ ಇಂಥಾದ್ದ ಬರಂಗಿಲ್ಲ.”

“ಒಂದೇ ಗುಂಡಿ. ಶಬ್ದ ಬಂದಾಗ ಒತ್ತೋದು, ನಿಂತಾಗ ಒತ್ತೋದು.”

ಮಂಜ ವಿಡಿಯೊ ಹಚ್ಚಿದ. ಸನಾ ಮೆಟ್ಟಿಲು ಹತ್ತಿದಳು, ಸ್ಟೂಲು ಇಟ್ಟಳು. ಸಾಹೇಬರು ಗೋಡೆಯ ಕಡೆ ತಿರುಗಿ ನಿಂತರು. ಬೆನ್ನ ಹಿಂದೆ ಅವರದೇ ಧ್ವನಿ ಡಬ್ಬಿಯೊಳಗಿಂದ ಪ್ರಯಾಣಿಕರ ಗಮನ ಸೆಳೆಯಿತು. ಗಂಟೆ ಬಾರಿಸಿದ್ದು, ಹುಡುಗಿ ತಡವರಿಸಿದ್ದು, ಹೆಂಗಸು ಓಡಿ ಬಂದದ್ದು, ಬಸ್ಸು ಹೋದದ್ದು.

“ನಾಕು ನಿಮಿಷ, ಮೂರು ಸೆಕೆಂಡ,” ಎಂದರು ಅಂದಾನಪ್ಪ. ಅದನ್ನು ನಂಬದವರಂತೆ ಸ್ಟಾಪ್‌ವಾಚನ್ನು ಬೆಳಕಿಗೆ ಹಿಡಿದರು. “ಇನ್ನೊಮ್ಮೆ ಹಚ್ಚ.”

ಎರಡನೆಯ ಸಲ ನಾಲ್ಕು ನಿಮಿಷ ಎರಡು ಸೆಕೆಂಡ್. ಎರಡರಲ್ಲಿ ಯಾವುದನ್ನು ಹಿಡಿದರೂ ಕಡಿತ ಒಂದೇ ಅಂಕ. ಎಂಬತ್ತಮೂರು.

ಪವನ್ ನೆಲ ನೋಡುತ್ತ ನಿಂತಿದ್ದ. ಅಂದಾನಪ್ಪ ಅವನ ಹೆಗಲ ಮೇಲೆ ಕೈಯಿಟ್ಟರು. “ಉಳಿದವರದ?”

“ಎಲ್ಲರದ್ದೂ ಆಗಬೇಕು,” ಎಂದರು ಸಾಹೇಬರು. “ಕಡಿತ ಬಿದ್ದದ್ದು ನಾಲ್ಕು ಜನಕ್ಕೆ. ಇನ್ನು ಮೂವರಿದ್ದಾರೆ.”

ಮೂವರನ್ನೂ ನೋಡಿದರು. ಐದನೆಯ ಸ್ಥಾನವೂ ಆರನೆಯದೂ ಅದಲುಬದಲಾದವು. ಮೇಲಿನದು ಮತ್ತೆ ಕದಲಲಿಲ್ಲ. ದರ್ಶನ ರೋಹಿಣಿ ಟೀಚರಿಗೂ ಬಿಳಗಿಯ ಮಾಸ್ತರರಿಗೂ ಫೋನು ಮಾಡಿ ಒಪ್ಪಿಗೆ ಪಡೆದ. ಮಾಸ್ತರರು ಹನ್ನೊಂದನೆಯ ಸ್ಪರ್ಧಿ ಯಾರೆಂದು ಕೇಳಿದರಂತೆ.

ನಾಲ್ಕು ನಲವತ್ತಕ್ಕೆ ಸಾಹೇಬರು ಬರೆದರು: ‘ಸಮಯ ಹಿಡಿಯುವಲ್ಲಿ ಆದ ತಪ್ಪು ಸಂಪೂರ್ಣವಾಗಿ ನನ್ನದು. ನಿಯಮ ನಾಲ್ಕನ್ನು ಬರೆದವನೇ ನಾನು, ಪಾಲಿಸದವನೂ ನಾನೇ. ಸ್ಪರ್ಧಿಗಳ ತಪ್ಪು ಇದರಲ್ಲಿ ಏನೂ ಇಲ್ಲ.’ ಸಹಿ ಹಾಕಿ ಹಾಳೆಯನ್ನು ಅಂದಾನಪ್ಪನ ಮುಂದೆ ಸರಿಸಿದರು. ಅಂದಾನಪ್ಪ ಎರಡು ಸಲ ಓದಿ, ಕೆಳಗೆ ‘ಸಮಯ ನಾನು ನೋಡಿರುತ್ತೇನೆ’ ಎಂದು ಬರೆದು ಸಹಿ ಮಾಡಿದರು.

“ಸೈ ಮಾಡೀನ್ರಿ ಸಾಹೇಬ್ರ. ಕಣ್ಣಾರೆ ಕಂಡದ್ದಕ್ಕ ಸೈ. ಆದ್ರ ಮಂದಿ ಬಾಯಿಗೆ ನಾ ಜವಾಬ್ದಾರ ಅಲ್ಲ.”

“ನನಗೆ ಗೊತ್ತು.”

“ನಮ್ಮ ಹುಡುಗನ ಫೋಟೊ ನೋಡಿ ಇವನ ಅವ್ವ ಊರಿಗೆಲ್ಲ ಪೇಡೆ ಹಂಚ್ಯಾಳ. ಅದನ್ನ ಏನ ಮಾಡೋಣ?”

ಸಾಹೇಬರು ಮೇಜಿನಿಂದ ಎದ್ದರು. ಪವನ್‌ನ ಮುಂದೆ ನಿಂತು, “ನಿನಗೆ ಕೊಟ್ಟು ಕಸಿದುಕೊಂಡ ಹಾಗಾಯ್ತು, ತಪ್ಪಾಯ್ತು ಮಗಾ” ಎಂದರು. ಹುಡುಗ ತಲೆಯಾಡಿಸಿದ. ಅದು ಹೌದೋ ಅಲ್ಲವೋ ತಿಳಿಯಲಿಲ್ಲ. ನಾಲ್ಕು ಐವತ್ತೆರಡಕ್ಕೆ ಸನಾಳ ಹೆಸರು ಶಿರಸಿಗೆ ಹೋಯಿತು. ಐದು ನಿಮಿಷದೊಳಗೆ ಗುಂಪಿನಲ್ಲಿ ಯಾರೋ ಬರೆದರು: ‘ಗಡಿಯಾರ ಸಾಹೇಬ್ರ ಗಡಿಯಾರ ಮನೆ ಕಡೆ ತಿರುಗಿತು.’ ದರ್ಶನ ಅದನ್ನು ತೋರಿಸಲು ಹಿಂಜರಿದ. ಸಾಹೇಬರು ಕೇಳಿ ಓದಿದರು.

ಮನೆಗೆ ಬಂದಾಗ ಸೂರ್ಯ ಇಳಿದಿತ್ತು. ಶಾಕಿರಾ ಚಹಾ ಇಟ್ಟಳು. ನಾಜಿಯಾ ಅವಳಿಗೆ ಎಲ್ಲ ಹೇಳಿದ್ದಳು. ಸಾಹೇಬರು ನಡೆದದ್ದನ್ನು ಹೇಳಿ, ಗುಂಪಿನಲ್ಲಿ ಬಂದ ಮಾತನ್ನೂ ಹೇಳಿದರು. ಅದನ್ನು ಮುಚ್ಚಿಟ್ಟು ಮಗುವನ್ನು ಶಿರಸಿಗೆ ಕಳಿಸುವುದು ಅವರಿಗೆ ಸರಿಯೆನಿಸಲಿಲ್ಲ.

ಸನಾ ಅಜ್ಜನ ಎದುರು ಬಂದು ಕುಳಿತಳು. “ಸಿರ್ಸೀಲೂ ಹಾಗೇ ಅಂತಾರಾ?”

“ಕೆಲವರು ಅಂತಾರೆ.”

“ಹಾಗಾದ್ರೆ ನಾಲ್ಕು ನಿಮಿಷದ ಮೇಲೆ ಒಂದು ಸೆಕೆಂಡೂ ಹೋಗಬಾರದು.” ಅವಳು ಒಳಗಿನಿಂದ ಡಬ್ಬಿ ತಂದಳು. “ಎಲ್ಲಿ ಕತ್ತರಿಸ್ಲಿ? ಆ ಹೆಂಗಸು ಓಡಿ ಬರೋದು ತೆಗೆದುಬಿಡ್ಲಾ?”

“ಅದನ್ನ ಮುಟ್ಟಬೇಡ,” ಎಂದಳು ಶಾಕಿರಾ ಅಡಿಗೆಮನೆಯಿಂದ. “ಇವರ ಅನೌನ್ಸ್‌ಮೆಂಟ್ ಕಡಿಮೆ ಮಾಡು. ಬಸ್ ನಿಲ್ದಾಣದಲ್ಲೂ ಅದು ಉದ್ದವೇ ಇರ್ತಿತ್ತು.”

ಸನಾ ಅಜ್ಜನ ಚೀಲದಿಂದ ಸ್ಟಾಪ್‌ವಾಚು ತೆಗೆದು ಅವರ ಕಡೆ ಚಾಚಿದಳು. ಅವರು ತೆಗೆದುಕೊಳ್ಳದೆ, ಕೈ ಒರೆಸಿಕೊಳ್ಳುತ್ತ ಬಂದ ಶಾಕಿರಾಳ ಕಡೆ ತೋರಿಸಿದರು. ಶಾಕಿರಾ ಅದನ್ನು ಹಿಡಿದು ತಿರುಗಿಸಿ ನೋಡಿದಳು.

“ಮೊದಲ ಶಬ್ದ ಬರೋ ತನಕ ಒತ್ತಬೇಡ,” ಎಂದರು ಸಾಹೇಬರು.

“ಮೂವತ್ತು ವರ್ಷದ ಮೇಲೆ ಗಡಿಯಾರ ನನ್ನ ಕೈಗೆ ಬಂದಿದೆ. ಸುಮ್ನೆ ಕೂತ್ಕೊಳ್ಳಿ.”

ಸನಾ ಸ್ಟೂಲು ಇಟ್ಟಳು, ಡಬ್ಬಿ ತಿರುಗಿಸಿದಳು, ಇಲ್ಲದ ಮೈಕು ತಗ್ಗಿಸಿದಳು. ಶಾಕಿರಾ ಒತ್ತಲಿಲ್ಲ. ಸಾಹೇಬರು ಎರಡೂ ಕೈಗಳನ್ನು ಮಡಿಲಲ್ಲಿ ಕಟ್ಟಿ ಕುಳಿತರು. ಒಳಗೆ ಮಡಚಿದ್ದ ಹೆಬ್ಬೆರಳು ಮಾತ್ರ, ಸ್ಟೂಲಿನ ಕಾಲು ನೆಲ ಮುಟ್ಟಿದ ಕ್ಷಣವೇ, ಖಾಲಿ ಅಂಗೈಯನ್ನು ಒಮ್ಮೆ ಒತ್ತಿಬಿಟ್ಟಿತ್ತು.